ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್: ಹಾಕಿಸುವ ಮೊದಲು ನೋಡಬೇಕಾದ್ದೇನು?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2017ರದು. ಇಂಟೆಲ್ ಕೋರ್ ಐ5-7200ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿಗಲು ನಾಲ್ಕೈದು ನಿಮಿಷ ಬೇಕು. ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಎಂಬ ಸಂದೇಶ ಪದೇ ಪದೇ ಬರುತ್ತದೆ. ಆದರೆ ಮೈಕ್ರೋಸಾಫ್ಟ್‌ನ ಪರೀಕ್ಷಾ ಆ್ಯಪ್ ಈ ಪ್ರೊಸೆಸರ್‌ಗೆ ವಿಂಡೋಸ್ 11 ಆಗುವುದಿಲ್ಲ ಎನ್ನುತ್ತದೆ. ಪರಿಚಯದವರೊಬ್ಬರು ಹೇಗಾದರೂ ಹಾಕಿಕೊಡುತ್ತೇನೆ ಎನ್ನುತ್ತಿದ್ದಾರೆ. ಬ್ರೌಸಿಂಗ್, ಬ್ಯಾಂಕ್ ವ್ಯವಹಾರ, ವರ್ಡ್, ಎಕ್ಸೆಲ್, ವಿಡಿಯೊ ಕಾಲ್, ಇಷ್ಟೇ ನನ್ನ ಬಳಕೆ. ಹಾಕಿಸಲೇ, ಇದ್ದ ಹಾಗೇ ಬಿಡಲೇ, ಹೊಸದು ಕೊಳ್ಳಲೇ?

ಉತ್ತರ: ಈಗಲೇ ಹಾಕಿಸಬೇಡಿ. ನಿಮ್ಮ ಯಂತ್ರಕ್ಕೆ ಎರಡು ಬೇರೆ ಬೇರೆ ತೊಂದರೆಗಳಿವೆ, ನೀವು ಎರಡಕ್ಕೂ ಒಂದೇ ಮದ್ದು ಹುಡುಕುತ್ತಿದ್ದೀರಿ. ನಿಧಾನವಾಗಿರುವುದು ಹಾರ್ಡ್‌ವೇರ್‌ನ ತೊಂದರೆ. ವಿಂಡೋಸ್ 11 ಹಾಕಿದರೆ ಅದು ವಾಸಿಯಾಗುವುದಿಲ್ಲ, ಹೆಚ್ಚಾಗುತ್ತದೆ. ಸುರಕ್ಷತಾ ಅಪ್‌ಡೇಟ್ ನಿಂತಿರುವುದು ಸಾಫ್ಟ್‌ವೇರ್‌ನ ತೊಂದರೆ. ಅದನ್ನು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ವೇಗದ ಚಿಪ್ ಸಂಗ್ರಹ) ಹಾಕಿ ಸರಿಪಡಿಸಲಾಗದು. ಮೊದಲು ನಿಧಾನವನ್ನು ಬಗೆಹರಿಸಿ, ಆಮೇಲೆ ಯಾವ ಓಎಸ್ (ವಿಂಡೋಸ್‌ನಂಥ ಮೂಲ ತಂತ್ರಾಂಶ) ಎಂದು ತೀರ್ಮಾನಿಸಿ. ಈ ಕ್ರಮ ತಲೆಕೆಳಗಾದರೆ ಖರ್ಚೂ ಆಗುತ್ತದೆ, ಯಂತ್ರವೂ ಹಾಗೇ ಉಳಿಯುತ್ತದೆ.

ನಿಧಾನ ಎಲ್ಲಿಂದ ಬರುತ್ತಿದೆ?

ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ಐದು ನಿಮಿಷ ಗಮನಿಸಿ. ನೀವು ಬರೆದ ಲಕ್ಷಣ ನೋಡಿದರೆ ಡಿಸ್ಕ್ 100 ಶೇಕಡಾಕ್ಕೆ ಅಂಟಿಕೊಂಡಿರುತ್ತದೆ, ಆದರೆ ಅದರ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಇರುತ್ತದೆ. ಸಿಪಿಯು ಮಾತ್ರ ಬಹುತೇಕ ಕೆಲಸವಿಲ್ಲದೆ ಕೂತಿರುತ್ತದೆ.

ಇದು ವಿಚಿತ್ರವೇನಲ್ಲ. ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ (ಓದುವ ಮುಳ್ಳಿನ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಆ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್ ಹೋಗುತ್ತದೆ. ಹೀಗೆ ಚದುರಿದ ಚಿಕ್ಕ ಚಿಕ್ಕ ಕಡತಗಳನ್ನು ಓದುವಾಗ ಸೆಕೆಂಡಿಗೆ ಅರವತ್ತೆಪ್ಪತ್ತು ಓದುಗಳಷ್ಟೇ ಸಾಧ್ಯ. ವಿಂಡೋಸ್ ಶುರುವಾಗುವಾಗ ಇಂಥ ಓದುಗಳು ಸಾವಿರಗಟ್ಟಲೆ ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅಗ್ಗದ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಸಾವಿರಾರು ಚಿಕ್ಕ ಓದುಗಳನ್ನು ಮುಗಿಸುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇದರ ಹತ್ತಿರಕ್ಕೂ ಬರುವಂಥದ್ದು ಬೇರೊಂದಿಲ್ಲ.

4 ಜಿಬಿ ರ‍್ಯಾಮ್ ಈ ತೊಂದರೆಯನ್ನು ಇಮ್ಮಡಿ ಮಾಡುತ್ತದೆ. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದು ಜೊತೆಗೆ ವಿಡಿಯೊ ಕಾಲ್ ಶುರುಮಾಡಿದರೆ ಮೆಮೊರಿ ತುಂಬುತ್ತದೆ. ತುಂಬಿ ಹೊರಚೆಲ್ಲಿದ್ದನ್ನು ವಿಂಡೋಸ್ ಪೇಜ್ ಫೈಲ್ ಎಂಬ ಕಡತದಲ್ಲಿ ಇಡುತ್ತದೆ. ಆ ಕಡತ ಇರುವುದು ಅದೇ ಬಳಲಿದ ಹಾರ್ಡ್ ಡಿಸ್ಕ್ ಮೇಲೆ.

ಏನನ್ನಾದರೂ ಮುಟ್ಟುವ ಮೊದಲು ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತಾನೇ ದಾಖಲಿಸಿಕೊಂಡ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ 05, ಸಿ5, ಸಿ6 ಸಂಖ್ಯೆಯ ಸಾಲುಗಳು ಮುಖ್ಯ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ತುಂಡುಗಳು). ಸಿ5 ಎಂದರೆ ಓದಲು ತೊಡಕಾಗಿ ತೀರ್ಮಾನಕ್ಕೆ ಕಾದಿರುವವು. ಸಿ6 ಎಂದರೆ ಪರೀಕ್ಷೆಯಲ್ಲಿ ಸರಿಪಡಿಸಲಾಗದೆ ಹೋದವು. ಬಲಗಡೆಯ ಅಂಕಿ ಎಲ್ಲ ಸೊನ್ನೆ ಇದ್ದರೆ ನೆಮ್ಮದಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂದಿದ್ದರೆ ಬೇರೆಲ್ಲ ಬಿಟ್ಟು ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಅಂಥ ಡಿಸ್ಕ್ ಮೇಲೆ ಓಎಸ್ ಬದಲಿಸಲು ಹೊರಟರೆ ಹತ್ತಾರು ಜಿಬಿ ಓದು ಬರಹ ಒಮ್ಮೆಗೇ ನಡೆಯುತ್ತದೆ, ಸಾಯುವ ಹಂತದ ಡಿಸ್ಕ್ ಆಗಲೇ ಕೈಕೊಡುವುದು.

ರ‍್ಯಾಮ್ ಮತ್ತು ಎಸ್‌ಎಸ್‌ಡಿ ಆರಿಸುವುದು

ಐ5-7200ಯು ಪ್ರೊಸೆಸರ್ ಡಿಡಿಆರ್4 ರ‍್ಯಾಮ್ ಜೊತೆಗೂ ಬಂದಿದೆ, ಡಿಡಿಆರ್3ಎಲ್ ಜೊತೆಗೂ ಬಂದಿದೆ. ಅದಕ್ಕೇ ಪ್ರೊಸೆಸರ್ ಹೆಸರು ಹೇಳಿ ರ‍್ಯಾಮ್ ತರಬೇಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಕೆಳಗೆ ವೇಗ, ಬಳಕೆಯಲ್ಲಿರುವ ಸ್ಲಾಟ್, ಫಾರ್ಮ್ ಫ್ಯಾಕ್ಟರ್ ಎಂಬ ಮೂರು ಸಾಲುಗಳಿವೆ. ವೇಗ 2133 ಅಥವಾ 2400 ಎಂದಿದ್ದರೆ ನಿಮ್ಮದು ಹೆಚ್ಚಾಗಿ ಡಿಡಿಆರ್4, 1600 ಎಂದಿದ್ದರೆ ಡಿಡಿಆರ್3ಎಲ್. ಮೊದಲನೆಯದಕ್ಕೆ 260 ಪಿನ್, ಎರಡನೆಯದಕ್ಕೆ 204. ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಫಾರ್ಮ್ ಫ್ಯಾಕ್ಟರ್ ಮುಂದೆ ಎಸ್‌ಒ-ಡಿಮ್ ಎಂದಿದ್ದರೆ ಬಿಚ್ಚಿ ಹಾಕುವ ಪಟ್ಟಿ. 'ರೋ ಆಫ್ ಚಿಪ್ಸ್' ಎಂದಿದ್ದರೆ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದು, ಅದನ್ನು ಬದಲಿಸಲಾಗದು. ಆದರೂ ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಇರುವ ಸಾಧ್ಯತೆ ಇದೆ, ಸ್ಲಾಟ್ ಸಾಲು ನೋಡಿ.

ಇರುವ 4ರ ಜೊತೆ 8 ಜಿಬಿಯ ಪಟ್ಟಿ ಸೇರಿಸಿ 12 ಮಾಡಿದರೂ ಸರಿಯಾಗಿ ನಡೆಯುತ್ತದೆ. ಎರಡರ ವೇಗ ಬೇರೆಯಾಗಿದ್ದರೆ ಎರಡೂ ಕಡಿಮೆ ವೇಗಕ್ಕೆ ಹೊಂದಿಕೊಳ್ಳುತ್ತವೆ. ಒಂದೇ ಸ್ಲಾಟ್ ಇದ್ದರೆ 4 ತೆಗೆದು 8 ಹಾಕಿ. ನಿಮ್ಮ ಬಳಕೆಗೆ 8 ಜಿಬಿ ಸಾಕು. 16ಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ.

ಎಸ್‌ಎಸ್‌ಡಿಯಲ್ಲಿ ಎರಡು ದಾರಿ. ಹಾರ್ಡ್ ಡಿಸ್ಕ್ ಇರುವ ಜಾಗದಲ್ಲೇ ಕೂರುವ, 7 ಮಿಲಿಮೀಟರ್ ದಪ್ಪದ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದು. ಇದು ತಪ್ಪುವ ಪ್ರಶ್ನೆಯೇ ಇಲ್ಲ. ಎಂ.2 ಸ್ಲಾಟ್ ಇದ್ದರೆ ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಇನ್ನೊಂದು. ಎಡವುವುದು ಇಲ್ಲಿಯೇ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ, ಒಳಗಿನ ಸಂಪರ್ಕ ಹಳೆಯ ಸಾಟಾ ಇರಬಹುದು, ಹೊಸ, ಹೆಚ್ಚು ವೇಗದ ಎನ್‌ವಿಎಂಇ ಇರಬಹುದು. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳ ಎಂ.2 ಸ್ಲಾಟ್ ಸಾಟಾವನ್ನು ಮಾತ್ರ ಗುರುತಿಸುತ್ತದೆ. ಅಂಥದಕ್ಕೆ ಎನ್‌ವಿಎಂಇ ಹಾಕಿದರೆ ಸ್ಕ್ರೂ ಸರಿಯಾಗಿ ಕೂತರೂ ಬಯಾಸ್‌ನಲ್ಲಿ (ಆನ್ ಆದಾಗ ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶ) ಡಿಸ್ಕ್ ಕಾಣುವುದೇ ಇಲ್ಲ. ತಯಾರಕರ ಸರ್ವಿಸ್ ಮ್ಯಾನ್ಯುಅಲ್‌ನಲ್ಲಿ ನಿಮ್ಮ ಮಾದರಿ ಸಂಖ್ಯೆಗೆ ಏನು ಬರೆದಿದೆ ನೋಡಿ. ಉತ್ತರ ಸ್ಪಷ್ಟವಾಗದಿದ್ದರೆ 2.5 ಇಂಚಿನದನ್ನೇ ಆರಿಸಿ. ಬ್ರೌಸಿಂಗ್, ವರ್ಡ್ ಕೆಲಸಕ್ಕೆ ಎರಡರ ನಡುವಿನ ವ್ಯತ್ಯಾಸ ಅನುಭವಕ್ಕೆ ಬರುವಷ್ಟಿಲ್ಲ.

ಬಿಚ್ಚುವಾಗ ಚಾರ್ಜರ್ ತೆಗೆಯಿರಿ, ಪೂರ್ತಿ ಶಟ್‌ಡೌನ್ ಮಾಡಿ. ಶಿಫ್ಟ್ ಒತ್ತಿಕೊಂಡು ಶಟ್‌ಡೌನ್ ಆರಿಸಿದರೆ ಫಾಸ್ಟ್ ಸ್ಟಾರ್ಟಪ್‌ನ ಅರೆನಿದ್ದೆಗೆ ಹೋಗದೆ ನಿಜವಾಗಿ ನಿಲ್ಲುತ್ತದೆ. ಕೆಲವು ಸ್ಕ್ರೂಗಳು ತಳದ ರಬ್ಬರ್ ಪಾದದ ಅಡಿಯಲ್ಲಿ ಅಡಗಿರುತ್ತವೆ, ಮುಚ್ಚಳ ಬರುತ್ತಿಲ್ಲವೆಂದು ಬಲ ಹಾಕಿದರೆ ಕ್ಲಿಪ್ ಮುರಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಹಾರ್ಡ್ ಡಿಸ್ಕ್ ಸುತ್ತಲಿನ ಲೋಹದ ಚೌಕಟ್ಟನ್ನು ಎಸೆಯಬೇಡಿ, ಹೊಸ ಎಸ್‌ಎಸ್‌ಡಿ ಅದರಲ್ಲೇ ಕೂರಬೇಕು.

ಹಳೆಯ ಡಿಸ್ಕನ್ನು ಕ್ಲೋನ್ (ಇದ್ದಂತೆಯೇ ನಕಲು) ಮಾಡಬೇಕೆ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೆ? ನಿಮಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಒಳ್ಳೆಯದು. 1 ಟಿಬಿಯಿಂದ 500 ಜಿಬಿಗೆ ಕ್ಲೋನ್ ಮಾಡಲು ಹೊರಟರೆ ಕ್ಲೋನ್‌ಜಿಲ್ಲಾದಂಥ ತಂತ್ರಾಂಶಗಳು ಗುರಿಯ ಡಿಸ್ಕ್ ಚಿಕ್ಕದಾಯಿತೆಂದು ನಿಲ್ಲುತ್ತವೆ. ಮೊದಲು ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಕುಗ್ಗಿಸಿಕೊಳ್ಳಬೇಕು, ಅದೊಂದು ಬೇರೆಯೇ ತಲೆನೋವು. ಎಂಟು ವರ್ಷದ ಕಸವೂ ಜೊತೆಗೆ ಬರುತ್ತದೆ. ವಿಂಡೋಸ್ 10ರ ಪರವಾನಗಿ ಡಿಜಿಟಲ್ ರೂಪದಲ್ಲಿ ಮದರ್‌ಬೋರ್ಡ್‌ಗೆ ಹೊಂದಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದರೂ ಅದು ಕಳೆದುಹೋಗುವುದಿಲ್ಲ. 8 ಜಿಬಿಯ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ವಿಂಡೋಸ್ 10 ಬರೆದುಕೊಳ್ಳಿ. ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಎನ್ನಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ. ಇಂಟರ್ನೆಟ್ ಸಿಕ್ಕ ಮೇಲೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದಲ್ಲಿ ಪ್ರೋ ಆರಿಸಿದರೆ ಆಗುವುದಿಲ್ಲ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ.

ವಿಂಡೋಸ್ 11 ನಿಮ್ಮ ಯಂತ್ರವನ್ನು ಏಕೆ ಒಪ್ಪುವುದಿಲ್ಲ?

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಓಎಸ್ ಮಾತ್ರ ಶುರುವಾಗಲು ಬಿಡುವ ವ್ಯವಸ್ಥೆ), ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಪಾಡುವ ಚಿಪ್), ಇವುಗಳ ಜೊತೆಗೆ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕೆಂದು ಅದರ ಷರತ್ತು. ಇಂಟೆಲ್‌ನಲ್ಲಿ ಆ ಪಟ್ಟಿ ಬಹುಮಟ್ಟಿಗೆ 8ನೇ ತಲೆಮಾರಿನಿಂದ ಶುರುವಾಗುತ್ತದೆ. ಐ5-7200ಯು ಎಂಬಲ್ಲಿ ಅಡ್ಡಗೆರೆಯ ನಂತರದ 7 ಎಂದರೆ 7ನೇ ತಲೆಮಾರು. ಒಂದೇ ಮೆಟ್ಟಿಲು ಕೆಳಗೆ ಉಳಿದಿದ್ದೀರಿ. ಎಎಂಡಿ ಕಂಪನಿಯ ಪ್ರೊಸೆಸರ್ ಇರುವವರಿಗೆ ಇನ್ನೊಂದು ಎಚ್ಚರಿಕೆ: ರೈಜನ್ 5 2500ಯು ಹೆಸರಿನಲ್ಲಿ 2000 ಸರಣಿಯ ಅಂಕಿ ಇದ್ದರೂ ಒಳಗಿರುವುದು ಮೊದಲ ತಲೆಮಾರಿನ ವಿನ್ಯಾಸ, ಅದು ಪಟ್ಟಿಯಲ್ಲಿಲ್ಲ.

8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದೂ ಆಗುವುದಿಲ್ಲ ಎಂಬ ಉತ್ತರ ಬಂದವರೂ ಇದನ್ನು ಓದುತ್ತಿರಬಹುದು. ಅವರಿಗೆ ತೊಡಕು ಹೆಚ್ಚಾಗಿ ಬಯಾಸ್‌ನ ಸೆಟ್ಟಿಂಗ್‌ನಲ್ಲಿರುತ್ತದೆ. ಟಿಪಿಎಂ ಚಿಪ್ ಬೇರೆಯಾಗಿ ಕೊಳ್ಳಬೇಕಿಲ್ಲ, ಪ್ರೊಸೆಸರ್ ಜೊತೆಗೇ ಬಂದಿರುತ್ತದೆ. ಬಯಾಸ್‌ನಲ್ಲಿ ಇಂಟೆಲ್‌ಗೆ ಪಿಟಿಟಿ, ಎಎಂಡಿಗೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದನ್ನು ಆನ್ ಮಾಡಬೇಕು. ಆಮೇಲೆ ಸ್ಟಾರ್ಟ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಹುಡುಕಿ ತೆರೆದು ಬಯಾಸ್ ಮೋಡ್ ಸಾಲು ನೋಡಿ. ಅಲ್ಲಿ 'ಲೆಗಸಿ' ಎಂದಿದ್ದರೆ ಅವಸರದಿಂದ ಬಯಾಸ್‌ನಲ್ಲಿ ಯುಇಎಫ್‌ಐಗೆ ಬದಲಿಸಬೇಡಿ. ಡಿಸ್ಕ್ ಇನ್ನೂ ವಿಭಾಗಗಳನ್ನು ದಾಖಲಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿರುವುದರಿಂದ ವಿಂಡೋಸ್ ಶುರುವಾಗುವುದಿಲ್ಲ. ಎಂಬಿಆರ್2ಜಿಪಿಟಿ ಎಂಬ ವಿಂಡೋಸ್‌ನದೇ ಉಪಕರಣದಿಂದ ಮೊದಲು ಪರೀಕ್ಷೆ, ಆಮೇಲೆ ಪರಿವರ್ತನೆ, ಅದು ಯಶಸ್ವಿಯಾದ ಮೇಲೆ ಬಯಾಸ್ ಬದಲಾವಣೆ. ಬಯಾಸ್ ಮುಟ್ಟುವ ಮುನ್ನ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀ ಇಲ್ಲದೆ ಡಿಸ್ಕ್ ಬೀಗ ಹಾಕಿಕೊಂಡರೆ ಒಳಗಿನದನ್ನು ಯಾರೂ ತೆಗೆದುಕೊಡಲಾರರು.

ಈಗ ನಿಮ್ಮ ಪರಿಚಯದವರ ಮಾತಿಗೆ ಬರೋಣ. 'ಹೇಗಾದರೂ ಹಾಕುವುದು' ತಾಂತ್ರಿಕವಾಗಿ ಸಾಧ್ಯ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ತಯಾರಿಸುವಾಗ ಷರತ್ತುಗಳ ಪರೀಕ್ಷೆಯನ್ನು ತೆಗೆದುಹಾಕುವ ಆಯ್ಕೆ ಇದೆ. ನಿಮ್ಮ ಪ್ರೊಸೆಸರ್ ಮೇಲೆ ವಿಂಡೋಸ್ 11 ಓಡುತ್ತದೆ ಕೂಡ. 24ಎಚ್2 ಆವೃತ್ತಿಯಿಂದ ಕಡ್ಡಾಯವಾದ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಎಂಬ ಪ್ರೊಸೆಸರ್ ಆಜ್ಞೆಗಳು ಅದರಲ್ಲಿವೆ. ಇವಿಲ್ಲದ ಕೋರ್ 2 ಡ್ಯುಯೊ ಕಾಲದ ಯಂತ್ರಗಳಲ್ಲಿ ಮಾತ್ರ ಅದು ಶುರುವಾಗುವುದೇ ಇಲ್ಲ, ಯಾವ ಉಪಾಯವೂ ನಡೆಯದು.

ಆದರೂ ಬೇಡ ಎನ್ನಲು ಕಾರಣವಿದೆ. ನೀವು ಬಯಸುತ್ತಿರುವುದು ಖಚಿತವಾಗಿ ಬರುವ ಸುರಕ್ಷತಾ ಅಪ್‌ಡೇಟ್. ಈ ದಾರಿಯಲ್ಲಿ ಸಿಗದಿರುವುದು ಆ ಖಚಿತತೆಯೇ. ಇಂಥ ಯಂತ್ರಗಳಿಗೆ ಅಪ್‌ಡೇಟ್ ಪಡೆಯುವ ಹಕ್ಕಿಲ್ಲ ಎಂದು ಮೈಕ್ರೋಸಾಫ್ಟ್ ಇನ್‌ಸ್ಟಾಲ್ ಸಮಯದಲ್ಲೇ ಹೇಳುತ್ತದೆ. ತಿಂಗಳ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತವೆ, ಆದರೆ ವಾರ್ಷಿಕ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಹೋಮ್ ಮತ್ತು ಪ್ರೋ ಆವೃತ್ತಿಗಳಿಗೆ ಪ್ರತಿ ಬಿಡುಗಡೆಯ ಆಯುಸ್ಸು 24 ತಿಂಗಳು. ಅದು ಮುಗಿಯುವ ಮೊದಲು ಯಾರಾದರೂ ಪೆನ್‌ಡ್ರೈವ್ ಹಿಡಿದು ಮತ್ತೆ ಅದೇ ಉಪಾಯ ಮಾಡಬೇಕು, ಮರೆತರೆ ಅಪ್‌ಡೇಟ್ ನಿಲ್ಲುತ್ತದೆ. ಆಗ ಇಂದಿನ ಸಮಸ್ಯೆಗೇ ಮರಳಿದಂತೆ. ಇದನ್ನೆಲ್ಲ ಸ್ವಂತ ಕೈಯಿಂದ ಮಾಡಬಲ್ಲವರು, ಎರಡನೆಯ ಕಂಪ್ಯೂಟರ್ ಇರುವವರು ಮಾಡಲಿ. ಬ್ಯಾಂಕ್ ವ್ಯವಹಾರ ಮಾಡುವ ಒಂದೇ ಒಂದು ಯಂತ್ರವನ್ನು ಬೇರೆಯವರ ನೆನಪಿನ ಶಕ್ತಿಗೆ ಒಪ್ಪಿಸುವುದು ಸರಿಯಲ್ಲ.

ಹಾಕಿಕೊಡುವವರು ಇಂಟರ್ನೆಟ್‌ನಲ್ಲಿ ಸಿಗುವ 'ಹಗುರಗೊಳಿಸಿದ' ವಿಂಡೋಸ್ ತಂದರೆ ಖಂಡಿತ ಬೇಡವೆನ್ನಿ. ಯಾರೋ ಅಪರಿಚಿತರು ಡಿಫೆಂಡರ್ (ವಿಂಡೋಸ್‌ನದೇ ಆ್ಯಂಟಿವೈರಸ್), ಅಪ್‌ಡೇಟ್ ವ್ಯವಸ್ಥೆ ಎಲ್ಲ ಕಿತ್ತು ಮತ್ತೆ ಕಟ್ಟಿದ ಓಎಸ್ ಅದು. ಏನು ತೆಗೆದಿದ್ದಾರೆಂದು ಗೊತ್ತಾಗಬಹುದು, ಏನು ಸೇರಿಸಿದ್ದಾರೆಂದು ಗೊತ್ತಾಗುವುದಿಲ್ಲ.

ವಿಂಡೋಸ್ 10ರಲ್ಲೇ ಉಳಿಯುವುದು

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವೈಯಕ್ತಿಕ ಬಳಕೆದಾರರಿಗೆಂದು ಮೈಕ್ರೋಸಾಫ್ಟ್ ಇಎಸ್‌ಯು ಎಂಬ ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಕೊಟ್ಟಿದೆ. ಸೇರಲು ವಿಂಡೋಸ್ 10 22ಎಚ್2 ಆವೃತ್ತಿ, ಅಡ್ಮಿನಿಸ್ಟ್ರೇಟರ್ ಖಾತೆ ಮತ್ತು ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನಲ್ಲಿ 'ಅಪ್‌ಡೇಟ್ ಅಂಡ್ ಸೆಕ್ಯುರಿಟಿ'ಯ ಒಳಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎನ್ರೋಲ್ ನೌ' ಎಂಬ ಕೊಂಡಿ ಇರುತ್ತದೆ. ಕಾಣದಿದ್ದರೆ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ರೀಸ್ಟಾರ್ಟ್ ಮಾಡಿ ನೋಡಿ. ಹಣ ಕೊಡುವ ದಾರಿ ಇದೆ, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡುವ ದಾರಿ ಇದೆ, ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಸಿಂಕ್ ಮಾಡಿದರೆ ಹಣವಿಲ್ಲದೆ ಸೇರುವ ದಾರಿಯೂ ಇದೆ. ಒಂದು ಖಾತೆಯ ನೋಂದಣಿ 10 ಯಂತ್ರಗಳಿಗೆ ಸಾಲುತ್ತದೆ.

ಇದು ಬರೀ ಸುರಕ್ಷತೆಯ ತೇಪೆ. ಹೊಸ ಸೌಲಭ್ಯವಿಲ್ಲ, ಸಹಾಯವಾಣಿ ಇಲ್ಲ. ನಿಮಗೆ ಬೇಕಾದ್ದು ಅಷ್ಟೇ.

ಡಿಫೆಂಡರ್‌ನ ವೈರಸ್ ಪಟ್ಟಿ ವಿಂಡೋಸ್ 10ಕ್ಕೆ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂಬುದನ್ನು ಹಿಡಿದುಕೊಂಡು ಇಎಸ್‌ಯು ಬೇಡವೆನ್ನುವವರಿದ್ದಾರೆ. ಆ್ಯಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರ. ಸುರಕ್ಷತಾ ಅಪ್‌ಡೇಟ್ ಗೋಡೆಯ ಬಿರುಕು ಮುಚ್ಚುವ ಕೆಲಸ. ಬಿರುಕಿನಿಂದ ಒಳಬಂದವರನ್ನು ಬಾಗಿಲ ಕಾವಲುಗಾರ ನೋಡಿಯೇ ಇರುವುದಿಲ್ಲ. ಬ್ರೌಸರ್‌ನ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಕ್ರೋಮ್ ಅದರ ಮೇಲೆ ಹೊಸ ಆವೃತ್ತಿ ಕೊಡುವುದನ್ನು 2023ರ ಆರಂಭದಲ್ಲಿ, 109ನೇ ಆವೃತ್ತಿಯ ನಂತರ ನಿಲ್ಲಿಸಿತು. ಬ್ಯಾಂಕ್ ವ್ಯವಹಾರಕ್ಕೆ ಬಳಸುವವರು ಬ್ರೌಸರ್ ಹಳತಾಗುವವರೆಗೆ ಕಾಯುವಂತಿಲ್ಲ.

ಲಿನಕ್ಸ್ ಮಿಂಟ್ ನಿಮಗೆ ಆದೀತೇ?

ನಿಮ್ಮ ಬಳಕೆಯ ಪಟ್ಟಿಗೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕಬಹುದಾದ ಬೇರೊಂದು ಓಎಸ್) ಗಂಭೀರವಾಗಿ ಯೋಚಿಸಬೇಕಾದ ಆಯ್ಕೆ. ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್ ಒಗ್ಗುತ್ತದೆ. ಅದರ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಅಂದರೆ 2017ರ ಯಂತ್ರಕ್ಕೆ ಹನ್ನೆರಡು ವರ್ಷದ ಬಾಳಿಕೆ. 4 ಜಿಬಿಯಲ್ಲೇ ಉಳಿಯುವುದಾದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 8 ಜಿಬಿ ಮಾಡಿದರೆ ಸಿನಮನ್ ಆವೃತ್ತಿ ಸರಾಗವಾಗಿ ನಡೆಯುತ್ತದೆ.

ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವ ಅನುಕೂಲವಿದೆ. ಅದನ್ನು ಪೂರ್ತಿ ಬಳಸಿಕೊಳ್ಳಿ. ಬಣ್ಣ, ಐಕಾನ್ ನೋಡಿ ಸಮಾಧಾನಪಟ್ಟು ನಿಲ್ಲಿಸಬೇಡಿ. ವೈಫೈ ಹಿಡಿಯುತ್ತದೆಯೇ, ಕ್ಯಾಮೆರಾ ಮತ್ತು ಮೈಕ್ ವಿಡಿಯೊ ಕಾಲ್‌ನಲ್ಲಿ ಕೆಲಸ ಮಾಡುತ್ತವೆಯೇ, ಪರದೆಯ ಬೆಳಕು ಕೀಲಿಯಿಂದ ಏರಿಳಿಯುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದೆಯೇ, ಪ್ರಿಂಟರ್ ಒಂದು ಪುಟ ಮುದ್ರಿಸುತ್ತದೆಯೇ, ಎಲ್ಲವನ್ನೂ ಪರೀಕ್ಷಿಸಿ. ಕೆಲವು ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳು ಮೊದಲಿಗೆ ಕಾಣುವುದಿಲ್ಲ. ಫೋನನ್ನು ಕೇಬಲ್‌ನಿಂದ ಜೋಡಿಸಿ ಇಂಟರ್ನೆಟ್ ಕೊಟ್ಟು ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿದರೆ ಸರಿಹೋಗುತ್ತದೆ.

ತಡೆ ಬರುವುದು ಬೇರೆ ಕಡೆ. ಮ್ಯಾಕ್ರೋ (ತಾನಾಗಿ ನಡೆಯುವ ಆಜ್ಞೆಗಳು) ತುಂಬಿದ ಎಕ್ಸೆಲ್ ಕಡತಗಳು ಲಿಬ್ರೆಆಫೀಸ್‌ನಲ್ಲಿ (ವರ್ಡ್, ಎಕ್ಸೆಲ್ ಬದಲಿಗೆ ಬಳಸುವ ತಂತ್ರಾಂಶ) ಎಲ್ಲವೂ ನಡೆಯುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಲೆಕ್ಕಪತ್ರದ ವಿಂಡೋಸ್ ತಂತ್ರಾಂಶ, ಹಳೆಯ ಸ್ಕ್ಯಾನರ್ ಇದ್ದರೆ ಅವುಗಳ ಹೆಸರು ಬರೆದುಕೊಂಡು ಒಂದೊಂದಕ್ಕೂ ಲಿನಕ್ಸ್ ಬೆಂಬಲ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಒಂದಕ್ಕಾದರೂ ಇಲ್ಲವೆಂದಾದರೆ, ಅದು ನಿಮಗೆ ದಿನವೂ ಬೇಕಾದರೆ, ವಿಂಡೋಸ್‌ನಲ್ಲೇ ಇರಿ.

ಎರಡೂ ಓಎಸ್ ಒಟ್ಟಿಗೆ ಇಡುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಇಲ್ಲದಿದ್ದರೆ ವಿಂಡೋಸ್ ಡಿಸ್ಕನ್ನು ಅರೆಮುಚ್ಚಿದ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತದೆ, ಲಿನಕ್ಸ್ ಅದರಲ್ಲಿ ಓದಬಲ್ಲದೇ ಹೊರತು ಬರೆಯದು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ವ್ಯವಹರಿಸುವ ಬಗೆ) ರೇಡ್ ಅಥವಾ ಆರ್‌ಎಸ್‌ಟಿ ಎಂದಿರುವ ಸಾಧ್ಯತೆ ಹೆಚ್ಚು, ಅದನ್ನು ಎಎಚ್‌ಸಿಐ ಮಾಡಬೇಕು. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಶುರುವಾಗುವಂತೆ ಹೊಂದಿಸಿ, ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಬಂದ ಮೇಲೆ ಸಾಮಾನ್ಯ ಸ್ಥಿತಿಗೆ ತನ್ನಿ.

ಬೆಂಬಲ ಇರುವ ಯಂತ್ರದಲ್ಲಿ ವಿಂಡೋಸ್ 11ಕ್ಕೆ ಹೋಗುವವರಿಗೆ

ಇದು ನಿಮಗಲ್ಲ, 8ನೇ ತಲೆಮಾರಿನ ಮೇಲಿನವರಿಗೆ. ಸಿ ಡ್ರೈವ್‌ನಲ್ಲಿ ಕನಿಷ್ಠ 30 ಜಿಬಿ ಖಾಲಿ ಇರಲಿ, ಬಯಾಸ್ ಅಪ್‌ಡೇಟ್ ಇದ್ದರೆ ಮೊದಲೇ ಹಾಕಿ, ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ತೆಗೆಯಿರಿ, ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ತೆಗೆದುಹಾಕಿ. ಮಧ್ಯದಲ್ಲಿ ನಿಂತರೆ ದೋಷದ ಸಂಖ್ಯೆ ದಾರಿ ತೋರಿಸುತ್ತದೆ. 0ಎಕ್ಸ್‌ಸಿ1900101 ಎಂದು ಶುರುವಾದರೆ ಯಾವುದೋ ಡ್ರೈವರ್ ಕಾರಣ. 0ಎಕ್ಸ್80070070 ಎಂದರೆ ಜಾಗ ಸಾಲದು. 0ಎಕ್ಸ್‌ಸಿ1900208 ಎಂದರೆ ಹೊಂದದ ಆ್ಯಪ್ ಇದೆ. ಬ್ಯಾಟರಿ ಪೂರ್ತಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಅಪಾಯ, ಕರೆಂಟ್ ಹೋದ ಕ್ಷಣ ಓಎಸ್ ಅರ್ಧಕ್ಕೇ ನಿಂತಿರುತ್ತದೆ. ಬಯಾಸ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಯಂತ್ರ ಏಳದೆಯೂ ಇರಬಹುದು.

ಒಗ್ಗದಿದ್ದರೆ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ಹಳೆಯ ವಿಂಡೋಸ್‌ಗೆ ಮರಳಬಹುದು. ಆದರೆ ಅಷ್ಟರಲ್ಲಿ ಡಿಸ್ಕ್ ಕ್ಲೀನಪ್ ಮಾಡಿ 'ವಿಂಡೋಸ್.ಓಲ್ಡ್' ಫೋಲ್ಡರ್ ಅಳಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ.

ಹೊಸದು ಕೊಳ್ಳಬೇಕಾದದ್ದು ಯಾವಾಗ?

ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಅಥವಾ ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾಗುವವರೆಗೆ ಮೇಲೆ ಹೇಳಿದ ಯಾವುದನ್ನೂ ಮಾಡಬೇಡಿ. ಆ ಮಾದರಿಗೆ ಒಳ್ಳೆಯ ಬ್ಯಾಟರಿ ಸಿಗದಿದ್ದರೆ ಹೊಸ ಯಂತ್ರವೇ ಸರಿ. 4 ಜಿಬಿ ರ‍್ಯಾಮ್ ಬೆಸುಗೆ ಹಾಕಿದ್ದು, ಬೇರೆ ಸ್ಲಾಟ್ ಇಲ್ಲ, ಜೊತೆಗೆ ಮದರ್‌ಬೋರ್ಡ್ ಮೇಲಿನ 32 ಅಥವಾ 64 ಜಿಬಿಯ ಇಎಂಎಂಸಿ ಸಂಗ್ರಹ, ಹೀಗಿದ್ದರೂ ಖರ್ಚು ಮಾಡಿ ಪ್ರಯೋಜನವಿಲ್ಲ. ಹಿಂಜ್ ಮುರಿದು ಪರದೆಯ ಕೇಬಲ್ ಎಳೆಯುತ್ತಿದ್ದರೂ ಅಷ್ಟೇ.

ನಿಮ್ಮದರಲ್ಲಿ ಇವ್ಯಾವುದೂ ಇಲ್ಲವೆಂದುಕೊಂಡು ಹೇಳುವುದಾದರೆ ಕ್ರಮ ಹೀಗಿರಲಿ. ಮೊದಲು ಬ್ಯಾಕಪ್: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೊ, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್, ಔಟ್‌ಲುಕ್ ಇದ್ದರೆ ಅದರ ಮೇಲ್‌ಗಳಿರುವ ಪಿಎಸ್‌ಟಿ ಕಡತ. ನಕಲು ಮಾಡಿದ್ದನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲೆಯೇ ಅದನ್ನು ಬ್ಯಾಕಪ್ ಎನ್ನಿ. ನಂತರ 500 ಜಿಬಿಯ ಸಾಟಾ ಎಸ್‌ಎಸ್‌ಡಿ ಮತ್ತು 8 ಜಿಬಿಯ ರ‍್ಯಾಮ್, ಹೊಸದಾಗಿ ವಿಂಡೋಸ್ 10, ಅದೇ ದಿನ ಇಎಸ್‌ಯು ನೋಂದಣಿ. 2026ರ ಅಕ್ಟೋಬರ್‌ಗೆ ಮೊದಲು ಒಂದೆರಡು ವಾರ ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ ನಿಮ್ಮ ನಿತ್ಯದ ಕೆಲಸಗಳನ್ನೆಲ್ಲ ಅದರಲ್ಲಿ ಮಾಡಿ ನೋಡಿ. ಒಗ್ಗಿದರೆ ಅದಕ್ಕೇ ಹೋಗಿ. ಒಗ್ಗದಿದ್ದರೆ ಆಗ ಹೊಸದು ಕೊಳ್ಳಿ. 2.5 ಇಂಚಿನ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬ್ಯಾಕಪ್‌ಗೆ ಬಳಸಬಹುದು, ಆ ಖರ್ಚು ವ್ಯರ್ಥವಾಗದು.

ಬಿಚ್ಚಿ ತೆಗೆದ ಹಳೆಯ 1 ಟಿಬಿ ಡಿಸ್ಕನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಒಂದು ತಿಂಗಳು ಹಾಗೇ ತೆಗೆದಿಡಿ. ಮರೆತ ಕಡತ, ಎಲ್ಲೋ ಉಳಿದ ಪಾಸ್‌ವರ್ಡ್ ನೆನಪಾಗುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ.